ನೂರು ಸಾಕು

ಕಟ್ಟೆಯ ಮೇಲೆ ಜಾಗ ಮಾಡಲು
ಹೆಲ್ವೆ ರೇಡಿಯೋವನ್ನು ಕಿಟಕಿಗೆ ಸರಿಸಿದಳು,
ಉಪ್ಪಿನ ಜಾಡಿಯನ್ನು ರೇಡಿಯೋದ ತಲೆಗೇರಿಸಿದಳು.
ಈಗ ಅಲ್ಲಿ ಕೂತಿದೆ ಹಬೆಯ ಒಲೆ:
ಮೈಕ್ರೋವೇವಿಗಿಂತ ಒಂದು ಗೇಣು ದಪ್ಪ,
ಹೊಟ್ಟೆಯೊಳಗೊಂದು ದೀಪ,
ಪಕ್ಕೆಯಲ್ಲಿ ಲೀಟರು ಹಿಡಿವ ನೀರಿನ ಡಬ್ಬಿ.

ಟಾರ್ಟು ಊರಿನ ನೀರು ಗಡಸು,
ಕಾದಲ್ಲೆಲ್ಲ ಸುಣ್ಣದ ಹಕ್ಕಳೆ ಕಟ್ಟುತ್ತದೆ.
ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.
ಮೂವತ್ತೊಂದು ವರ್ಷ
ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಕತ್ತರಿ, ಇಕ್ಕುಳ, ಎಲುಬು ಕೊಯ್ಯುವ ಗರಗಸ
ಎಲ್ಲವನ್ನೂ ಹಸಿರು ಬಟ್ಟೆಯಲ್ಲಿ ಸುತ್ತಿ
ಉಗಿಯ ಬಾಯಿಗೆ ಕೊಟ್ಟವಳು.
ಆ ಬಾಗಿಲಿಗೆ ಹಡಗಿನ ಚುಕ್ಕಾಣಿಯಂಥ ಚಕ್ರ.
ಒತ್ತಡ ಇಳಿಯುವ ತನಕ
ದೇವರೇ ಬಂದು ತಟ್ಟಿದರೂ ತೆರೆಯದು.

ಇವತ್ತು ಪೈಕ್ ಮೀನು.
ತಂಗಿ ಮೈಮು ನದಿ ದಂಡೆಯ ಮಾರುಕಟ್ಟೆಯಿಂದ ತಂದದ್ದು.
ಮೇಲೊಂದು ಹಿಡಿ ಸಬ್ಬಸಿಗೆ, ಸುತ್ತ ಆಲೂಗಡ್ಡೆ,
ಮೂಲೆಯಲ್ಲಿ ಮೊನ್ನೆಯ ರೈ ಬ್ರೆಡ್ಡಿನ ತುದಿ,
ಬಾಗಿಲ ಬೆಣೆಗಾಗುವಷ್ಟು ಒಣಗಿದ್ದು.

ತಟ್ಟೆಯ ಅಂಚಿಗೆ ಹೆಲ್ವೆ
ಒಂದು ತುಂಡು ಪಟ್ಟಿ ಅಂಟಿಸಿದಳು,
ನಿವೃತ್ತಿಯ ದಿನ ಜೇಬಿನಲ್ಲೇ ಉಳಿದ ಸುರುಳಿಯದು.
ಉಗಿ ಸಾಕಷ್ಟು ತಾಗಿದರೆ
ಅದರ ಬಿಳಿ ಗೆರೆಗಳು ಕಪ್ಪಾಗಬೇಕು.
ಆಗದಿದ್ದರೆ ಪೊಟ್ಟಣ ವಾಪಸ್ಸು.

"ಏನೇ ಇದು, ಮೀನಿಗೆ ಆಪರೇಷನ್ನಾ?"
ಮೈಮು ನಕ್ಕಳು.

ಹಬೆ ಏರಿತು. ಗಾಜು ಬೆವರಿತು.
ಹನ್ನೆರಡನೆಯ ನಿಮಿಷಕ್ಕೆ
ಮೈಮು ಫೋರ್ಕು ಹಿಡಿದು ಬಂದವಳೇ
ಬಾಗಿಲನ್ನು ಸೀದಾ ತೆಗೆದುಬಿಟ್ಟಳು.

ಹೆಲ್ವೆ ಎರಡು ಹೆಜ್ಜೆ ಹಿಂದೆ ಹಾರಿ
ಗೋಡೆಗೆ ಬೆನ್ನು ಹಚ್ಚಿದಳು.
ಎಡಗೈ ಕೆಂಪು ಗುಂಡಿ ಹುಡುಕುತ್ತಿತ್ತು
ಕ್ಯಾಲೆಂಡರು ತೂಗುವ ಜಾಗದಲ್ಲಿ.

ಏನೂ ಆಗಲಿಲ್ಲ.
ಒಂದು ಮೋಡ ಹೊರಬಂದು
ಮೇಲಿನ ಕಪಾಟಿಗೆ ಮುಖ ಒರೆಸಿ ಹೋಯಿತು.
ಮೈಮು ಆಲೂಗಡ್ಡೆ ಚುಚ್ಚಿ ನೋಡಿ
"ಇನ್ನೈದು ನಿಮಿಷ" ಎಂದು
ಮೊಣಕೈಯಿಂದ ಬಾಗಿಲು ನೂಕಿದಳು.

ಪಾತ್ರೆಯ ಮುಚ್ಚಳ ಎತ್ತಿದವಳೇ ಹೆಲ್ವೆಯೂ, ಜೀವಮಾನವೆಲ್ಲ.
ಆದರೆ ಬಾಗಿಲು ಬೇರೆ.
ಅರ್ಧದಲ್ಲಿ ತೆರೆದು,
ಇನ್ನೂ ಎಳಸು ಎಂದು ಮತ್ತೆ ಮುಚ್ಚಬಹುದಾದ
ಉಗಿಯ ಬಾಗಿಲು!

ಊಟಕ್ಕೆ ಕೂತಾಗ ಪಟ್ಟಿಯನ್ನು
ಬೆಳಕಿಗೆ ಹಿಡಿದು ನೋಡಿದಳು.
ಬಿಳಿಯೂ ಅಲ್ಲ, ಕಪ್ಪೂ ಅಲ್ಲ,
ತೆಳು ಚಹಾದ ಬಣ್ಣ.
"ನಾಪಾಸು" ಎಂದಳು,
ಮೀನಿನ ಎರಡನೆಯ ತುಂಡು ಹಾಕಿಕೊಳ್ಳುತ್ತ.
ಕೊಲ್ಲಲು ನೂರಾ ಮೂವತ್ತನಾಲ್ಕು ಬೇಕಿತ್ತು.
ಬೇಯಲು ನೂರು ಸಾಕು.
ಬ್ರೆಡ್ಡಿನ ತುದಿ ಬೆರಳಿಗೆ ಬಗ್ಗಿತು.

ಆಮೇಲೆ ಒಲೆಯ ತಳದ ನೀರನ್ನು ಒರೆಸಿ
ಬಟ್ಟೆಯನ್ನು ಮಡಚಿದಳು
ಆಸ್ಪತ್ರೆಯ ಮಡಿಕೆಯಲ್ಲೇ, ಮೂಲೆ ಒಳಗೆ.
ಕೈಗೆ ಅಷ್ಟು ಬೇಗ ನಿವೃತ್ತಿಯಿಲ್ಲ.

ಮಾರನೆಯ ಬೆಳಿಗ್ಗೆ ಮೊಟ್ಟೆ ಬೇಯಿಸುವಾಗ
ಮೈಮು ಇನ್ನೂ ಮಲಗಿದ್ದಳು.
ಹೆಲ್ವೆ ಮೂರು ಸಲ ಬಾಗಿಲು ತೆರೆದಳು,
ಮೂರು ಸಲವೂ ಕನ್ನಡಕ ಮಂಜಾಯಿತು.
ಮೊಟ್ಟೆಯಲ್ಲಿ, ಹಾಗೆ ನೋಡಿದರೆ,
ನೋಡುವುದೇನೂ ಇರಲಿಲ್ಲ.