ಮುದ್ರೆಯುಳ್ಳದ್ದು

ವಿರಾಜಪೇಟೆಯ ಖಜಾನೆಯಲ್ಲಿ ಹನ್ನೊಂದು ವರ್ಷ
ಅಫೀಮು ತೂಗಿದ್ದೇನೆ. ಗಿಡ ಹೇಗಿರುತ್ತದೋ, ಕಂಡಿಲ್ಲ.
ಹೂವು ಬೆಳ್ಳಗಂತೆ.
ಮಾರ್ಚಿಯಲ್ಲಿ ಕಾಫಿ ಅರಳಿದಾಗ
ಹೀಗೇ ಇದ್ದೀತು ಎಂದುಕೊಂಡು ಸುಮ್ಮನಾಗುತ್ತೇನೆ.

ನನ್ನ ಕೈಗೆ ಬರುವುದು ಉಂಡೆ.
ಎಲೆ ಸುತ್ತಿ, ಅರಗು ಒತ್ತಿ, ಅರಗಿನ ಮೇಲೆ ರಾಣಿಯ ಕಿರೀಟ.
ಹಳೆ ಹುಣಸೆಯ ಅಂಟು,
ಉಗುರುಸಂದಿಯಲ್ಲಿ ಉಳಿದರೆ ರಾತ್ರಿಯ ಅನ್ನವೂ ಕಹಿ.
ತೊಲ ಲೆಕ್ಕದಲ್ಲಿ ಗುತ್ತಿಗೆ ಅಂಗಡಿಗೆ ಕೊಡು, ರಸೀದಿ ಹರಿ,
ಏಳನೆಯ ಕಾಲಮ್ಮಿನಲ್ಲಿ ಬರೆ:
ಒಣಗಿ ಕಡಿಮೆಯಾದದ್ದು.
(ಒಣಗುತ್ತದೆ ಅದು, ದೇವರಾಣೆ. ನಾನು ತಿಂದದ್ದಲ್ಲ.)

ಆ ವರ್ಷ ಮೇಲಿನಿಂದ ಹುಕುಂ ಬಂತು:
ಜನ ಕೆಡುತ್ತಿದ್ದಾರೆ, ಸುಂಕ ಏರಿಸತಕ್ಕದ್ದು.
ಬೆನ್ನಿಗೇ ಇನ್ನೊಂದು ಲಕೋಟೆ:
ಹುಟ್ಟುವಳಿ ಇಳಿದಿದೆ, ಕಾರಣ ತಿಳಿಸತಕ್ಕದ್ದು.
ಸಹಿ ಒಂದೇ. ಒಂದೇ ದಾರಕ್ಕೆ ಪೋಣಿಸಿ ಇಟ್ಟೆ.

ಕಾರಣ ಮಾಕುಟ್ಟದ ಕಣಿವೆ ಹತ್ತಿ ಬರುತ್ತಿತ್ತು,
ಒಣಮೀನಿನ ಬುಟ್ಟಿಯಲ್ಲಿ, ಪೋಕರನ ತಲೆಯ ಮೇಲೆ.
ಮಾಹೆಯಲ್ಲಿ ಫ್ರೆಂಚರ ಬಾವುಟ;
ಅಲ್ಲಿ ದೋಣಿಯಿಂದ ಇಳಿದದ್ದು ನಮ್ಮ ರಾಣಿಯ ಗುರುತು ಕೇಳುವುದಿಲ್ಲ.
ದಫೇದಾರ ಮೊಣ್ಣಯ್ಯ ಹುಲಿಯ ಹೆಜ್ಜೆ ಹಿಡಿದು ಹೋದವನು,
ಕಾಡಿನಿಂದ ಬರಿಗೈಯಲ್ಲಿ ಬಂದವನಲ್ಲ,
ಆ ಬುಟ್ಟಿಯೆದುರು ಮಾತ್ರ ಮೂಗು ಹಿಡಿದು ನಿಂತ.
‘ಬಂಗಡೆ ಅಲ್ಲವೇನೋ? ನಡಿ, ನಡಿ.’
ಮೂರು ವರ್ಷ.
ಕೊನೆಗೆ ಹಿಡಿದದ್ದು ಪೆರುಂಬಾಡಿ ಉಕ್ಕಡದ ಬೆಕ್ಕು.
ಒಂದು ಮೀನು ಎಳೆದುಕೊಂಡು ಹೋಗಿ, ಹೊಟ್ಟೆ ಬಗೆದು,
ನೆಕ್ಕಿ, ತೂರಾಡಿ,
ಎರಡು ಹಗಲು ನಿದ್ದೆ ಹೋಯಿತು.

ಬಂಗಡೆ ಹೊಟ್ಟೆಗಳಿಂದ ತೆಗೆದದ್ದು ನಾಲ್ಕು ಸೇರು.
ಪೋಕರನಿಗೆ ಮಡಿಕೇರಿ ಕೋಟೆಯಲ್ಲಿ ಆರು ತಿಂಗಳು,
ಮೊಣ್ಣಯ್ಯನಿಗೆ ಇನಾಮು, ಬೆಕ್ಕಿಗೆ ಏನೂ ಇಲ್ಲ.
ಜಪ್ತಿ ಮಾಲನ್ನು ಸುಡುವುದೋ ಎಂದು ಕೇಳಿ ಬರೆದೆ.
ಉತ್ತರ ಬೇಗ ಬಂತು:
ಮಾಲು ಶುದ್ಧವಿದ್ದಲ್ಲಿ ಮುದ್ರೆ ಒತ್ತಿ ಅಂಗಡಿಗೆ ಕೊಡತಕ್ಕದ್ದು.
ಅರಗು ಕಾಯಿಸಿದೆ. ಕಿರೀಟ ಒತ್ತಿದೆ.
ನಿನ್ನೆಯ ಕಳ್ಳಮಾಲು ಇವತ್ತು ಸರ್ಕಾರಿ ನೌಕರ,
ನನ್ನ ಹಾಗೆ.

ಬೊಳ್ಚಿ ಬಂದದ್ದು ಹಣ್ಣು ಕೊಯ್ಯುವ ತಿಂಗಳು.
ಎರವರವಳು, ಸಿದ್ದಾಪುರದ ಕಡೆಯ ತೋಟ.
ಗಂಟೆ ಹೊಡೆದ ಮೇಲೆ ಅಳುವ ಕೂಸಿಗೆ ತೋಟದಲ್ಲಿ ಜಾಗವಿಲ್ಲ.
ಎಲ್ಲರ ಹಾಗೆ ಅವಳೂ
ಸಾಸಿವೆಯಷ್ಟು ಬೆರಳಿಗೆ ಹಚ್ಚಿ ನಾಲಿಗೆಗೆ ಸವರಿ
ಗಿಡದ ಬುಡದಲ್ಲಿ ಮಲಗಿಸಿದ್ದಳು.
ಸಂಜೆ ಹಣ್ಣು ಅಳೆಯುವ ಹೊತ್ತಿಗೆ ಎಲ್ಲರ ಕೂಸೂ ಎದ್ದವು.

ಸಾಹೇಬರ ವಿಚಾರಣೆಯ ಕಾಗದದಲ್ಲಿ ಪ್ರಶ್ನೆ ಒಂದೇ:
ಸದರಿ ಮಗುವಿಗೆ ಕೊಟ್ಟದ್ದು ಮುದ್ರೆಯುಳ್ಳದ್ದೋ,
ಇಲ್ಲದ್ದೋ?
ನಾನು ಕನ್ನಡದಲ್ಲಿ ಕೇಳಿದೆ. ಮೊಣ್ಣಯ್ಯ ಅವಳ ಮಾತಿನಲ್ಲಿ ಕೇಳಿದ.
ಬೊಳ್ಚಿ ನನ್ನ ಉಗುರು ನೋಡಿದಳು.
‘ಕಪ್ಪಗಿತ್ತು, ಒಡೆಯ.’

ಅವಳ ಸೆರಗಿನ ಗಂಟಲ್ಲಿ ಉಳಿದದ್ದನ್ನು ಬಿಚ್ಚಿಸಿದೆವು.
ಎಲೆಯ ಚೂರು. ಅರಗಿನ ಚೂರು. ಕಿರೀಟದ ಅರ್ಧ.
ಮೂಗಿಗೆ ಹಿಡಿದೆ:
ಬಂಗಡೆ.

ಬರೆದೆ: ಮುದ್ರೆಯುಳ್ಳದ್ದು.
ಹೊಡೆದುಹಾಕಿ ಬರೆದೆ: ಇಲ್ಲದ್ದು.
ಅದನ್ನೂ ಹೊಡೆದೆ.
ಮಸಿ ಚೆಲ್ಲಿತು ಎಂದು ಷರಾ ಹಾಕಿ
ಆ ಚೂರನ್ನು ಕಾಗದದೊಳಗೇ ಮಡಚಿ ಮಡಿಕೇರಿಗೆ ಕಳಿಸಿದೆ.

ಹದಿನೈದು ದಿನಕ್ಕೆ ಕಡತ ಮರಳಿತು.
ಅಂಚಿನಲ್ಲಿ ಕೆಂಪು ಮಸಿಯ ಒಂದು ಸಾಲು:
ಇನ್ನು ಮುಂದೆ ಸರ್ಕಾರಿ ಕಾಗದಗಳಿಗೆ
ಮೀನಿನ ವಾಸನೆ ಬರತಕ್ಕದ್ದಲ್ಲ.