ಗರಗಸದ ಹೊಟ್ಟು

ಬಾನೆಟ್ ಆಮೇಲೆ ತೆಗೆಯೋಣ, ತ್ಸಿಯಾಲಾ.
ಮೊದಲು ನೀನು ಸ್ಟೀರಿಂಗಿಗೆ ಕೂತುಕೋ, ನಾನು ಪಕ್ಕದಲ್ಲಿ.
ರೇಡಿಯೋ ಆರಿಸು. ಕಿಟಕಿ ಇಳಿಸು.
ಹಳೇ ಗಾಡಿ ತನ್ನ ಕಾಯಿಲೆಯನ್ನು
ಕೂಗಿ ಹೇಳುವುದಿಲ್ಲ, ಗೊಣಗುತ್ತದೆ.

ಕುತಾಯಿಸಿಯ ಈ ಓಣಿಯಲ್ಲಿ ಮೂವತ್ತೊಂದು ವರ್ಷ
ಹೀಗೇ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತವನು ನಾನು.
ನಿದ್ದೆಗೆ ಕೂಲಿ ತಗೊಳ್ಳುವವನು ನೀನೊಬ್ಬನೇ
ಅನ್ನುತ್ತಾಳೆ ಹೆಂಡತಿ.

ಕ್ಲಚ್ ಪೆಡಲ್ ನೋಡು. ರಬ್ಬರು ನುಣ್ಣಗಾಗಿ ಕಬ್ಬಿಣ ಕಾಣುತ್ತಿದೆ.
ಹಿಂದಿನವನು ಕಾಲನ್ನು ಅದರ ಮೇಲೇ ಇಟ್ಟು ಓಡಿಸಿದವನು,
ಹೊಸಿಲಲ್ಲಿ ನಿಂತು ಮಾತಾಡುವ ನೆಂಟನ ಹಾಗೆ:
ಒಳಗೂ ಬಾರ, ಹೊರಡುವುದೂ ಇಲ್ಲ.
ಹ್ಯಾಂಡ್‌ಬ್ರೇಕ್ ಎಳೆ. ಮೂರನೇ ಗೇರು.
ಚೂರು ಆಕ್ಸಿಲರೇಟರ್ ಕೊಟ್ಟು ಕ್ಲಚ್ ಮೆಲ್ಲಗೆ ಬಿಡು.
ಬಿಡು. ಪೂರ್ತಿ ಬಿಡು.

ಇಷ್ಟು ಹೊತ್ತಿಗೆ ಎಂಜಿನ್ ಸಾಯಬೇಕಿತ್ತು.
ಸಾಯಲಿಲ್ಲ.
ನಿಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಇದು ಒಳ್ಳೆಯ ಸುದ್ದಿ,
ನನ್ನ ಶೆಡ್ಡಿನಲ್ಲಿ ಅಲ್ಲ.
ತ್ಕಿಬುಲಿಯ ಏರಿನಲ್ಲಿ ಸದ್ದು ಏರುತ್ತದೆ,
ಗಾಡಿ ಏರುವುದಿಲ್ಲ ಅಂದೆಯಲ್ಲ, ಅದೇ ಇದು.
ಕ್ಲಚ್ ಪ್ಲೇಟು ಸವೆದಿದೆ. ಹಿಡಿಯಬೇಕಾದದ್ದು ಜಾರುತ್ತಿದೆ.

ಈಗ ಎರಡನೇ ಗೇರು, ಅವಸರದಲ್ಲಿ ಹಾಕು.
ಕೇಳಿಸಿತೇ? ಹಲ್ಲು ಕಡಿಯಿತು.
ಆಮೇಲೆ ಮಾತ್ರ ಮೌನ.
ನನಗೆ ಹಿಡಿಸದಿರುವುದು ಆ ಮೌನ.
ಇಪ್ಪತ್ತಾರು ವರ್ಷದ ಓಪೆಲ್, ಎಷ್ಟು ಮಾಲೀಕರನ್ನು ಕಂಡಿದೆಯೋ,
ಇಷ್ಟು ಮೆತ್ತಗೆ ಓಡಬಾರದು.
ಹಳೇ ಬೇರಿಂಗು ಒಂದಿಷ್ಟಾದರೂ ನರಳಬೇಕು.

ಆಕ್ಸಿಲರೇಟರ್ ಒತ್ತಿದರೆ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ,
ಕಾಲಿನ ತುದಿಯಿಂದ ಎತ್ತಬೇಕು, ಅಲ್ಲವೇ?
ಸರಿ, ಈಗ ಬಾನೆಟ್.
ಟಾರ್ಚ್ ಹಿಡಿ. ಇನ್ನೂ ಕೆಳಗೆ.
ಕೇಬಲ್ಲಿನ ಎಳೆ ಬಿಚ್ಚಿಕೊಂಡಿದೆ. ಯಾರೋ ತಾಮ್ರದ ತಂತಿ ಸುತ್ತಿ,
ಏಳು ಸುತ್ತು,
ಕೊನೆಗೆ ಎಡಕ್ಕೆ ಮಡಿಸಿ

ಸ್ವಲ್ಪ ತಾಳು.

ಈ ಓಣಿಯಲ್ಲಿ ಎಡಚರು ಇಬ್ಬರೇ ಇದ್ದೆವು.
ಮಾಲ್ಖಾಜ್ ತೀರಿಕೊಂಡು ಆರು ವರ್ಷವಾಯಿತು.

ಆಗ ಇದು ಬಿಳಿ ಬಣ್ಣದ್ದು. ನೀಲಿ ಹಚ್ಚಿದವರು ಯಾರೋ ತಿಳಿಯದು.
ಜುಂಬೆರ್ ಅಂತ ಒಬ್ಬ, ಹೋದ ಚಳಿಗಾಲ,
ರಾತ್ರಿ ಹತ್ತಕ್ಕೆ ಬಂದ. ರುಸ್ತಾವಿಯ ಸಂತೆಗೆ ಒಯ್ಯಬೇಕು,
ಒಂದು ವಾರ ಸುಮ್ಮನಿದ್ದರೆ ಸಾಕು ಅಂದ.
ಎಂಬತ್ತು ಲಾರಿ, ಒಂದು ಜಾಡಿ ವೈನು.
ವೈನು ಹುಳಿಯಾಗಿತ್ತು. ಅದನ್ನೂ ಕುಡಿದೆ.

ಜಾಕ್ ತಾ. ಆ ತಗಡಿನ ತಟ್ಟೆ ಕೆಳಗಿಡು.
ಏನು ಸುರಿಯುತ್ತದೆಂದು ನೋಡುವ ಮೊದಲೇ ಹೇಳುತ್ತೇನೆ:
ಎಣ್ಣೆ ಅರ್ಧ, ಉಳಿದರ್ಧ ಗರಗಸದ ಹೊಟ್ಟು,
ನನ್ನ ಅಣ್ಣನ ಅಂಗಡಿಯದು, ಅಕ್ರೋಟು ಮರದ್ದು.
ಗಂಜಿ ಕಾಯಿಸುವವಳ ಹಾಗೆ ಜರಡಿ ಹಿಡಿದು
ಕಲಸಿ ತುಂಬಿದ್ದೆ. ಬೇರಿಂಗಿನ ಬಾಯಿಗೆ ಬಟ್ಟೆ ತುರುಕಿದಂತೆ.

ಅಕೋ, ಬಂತು.
ಮುಟ್ಟಬೇಡ, ಬೆರಳಿಂದ ಕಪ್ಪು ಹೋಗುವುದಿಲ್ಲ.
ಮುಟ್ಟಿಯೇ ಬಿಟ್ಟೆಯಾ.

ರಾತ್ರಿ ಎರಡಕ್ಕೆ ಫೋನ್ ಬಂದರೆ ನೀನು ಹೋಗುವುದು
ಇದೇ ಗಾಡಿಯಲ್ಲಿ, ಹಿಮದಲ್ಲಿ, ಬಸುರಿಯರ ಮನೆಗೆ.
ನನಗೆ ಅದು ಗೊತ್ತಿರಲಿಲ್ಲ.
ಗೊತ್ತಿರಲಿಲ್ಲ ಅನ್ನುವುದು ಯಾವ ಗೇರಿಗೂ ಬೀಳದ ಮಾತು,
ಹಾಗಾದರೂ ಹೇಳಿದೆ.

ಕ್ಲಚ್ ಪ್ಲೇಟಿಗೆ ಅಂಗಡಿಯ ಬೆಲೆ ಕೊಡು. ಕೇಬಲ್ ಹೊಸದು ಹಾಕುತ್ತೇನೆ.
ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕು, ನಾಲ್ಕು ದಿನ.
ಅದರ ಲೆಕ್ಕ ನನ್ನದು.
ಬೈಯುವುದಿದ್ದರೆ ಬೈದುಬಿಡು,
ಇಲ್ಲ, ಹೀಗೆ ಸುಮ್ಮನೆ ಕೂರಬೇಡ,
ಮೌನ ನನಗೆ ಹಿಡಿಸುವುದಿಲ್ಲ ಅಂದೆನಲ್ಲ.

ಮತ್ತೆ,
ಕಾಲು ತೆಗೆ.
ಆಗಿನಿಂದ ನೋಡುತ್ತಿದ್ದೇನೆ,
ನೀನೂ ಕ್ಲಚ್ಚಿನ ಮೇಲೇ ಇಟ್ಟುಕೊಂಡಿದ್ದೀಯ.