ಹನ್ನೊಂದಕ್ಕೆ ನಿಂತ ಮುಳ್ಳು

ಒತ್ತಿ, ಎಂದೆ. ಇನ್ನೂ ಒತ್ತಿ.
ಎರ್ಮೆಲಿಂಡಾ ಹಲ್ಲು ಕಚ್ಚಿ ಹಿಡಿಕೆಯನ್ನು ಹಿಂಡಿದರು.
ಮುಳ್ಳು ನಡುಗುತ್ತ ಏರಿ
ಹನ್ನೊಂದು ಕಿಲೋದ ಹತ್ತಿರ ನಿಂತಿತು.
ಎಡಗೈಗೆ ಒಂಬತ್ತೂವರೆ.
ಬರೆದುಕೊಂಡೆ. ಅವರು ಕೇಳಿದರು:
'ಏನು ಕೊಳ್ಳುವುದಕ್ಕೆ ಈ ತೂಕ?'

ಮತೊಝಿನ್ಯೋಸ್‌ನ ಡಬ್ಬಿ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ.
ದೋಣಿ ಬಂದ ಹೊತ್ತಿಗೆ ಸೈರನ್ನು, ಸೈರನ್ನಿನ ಹೊತ್ತಿಗೆ ಹೆಂಗಸರು,
ರಾತ್ರಿ ಮೂರಾದರೂ ಸರಿ,
ಒಲೆಯ ಮೇಲೆ ಸೂಪು ಕುದಿಯುತ್ತಿದ್ದರೂ ಸರಿ.
ಬೆಂದ ಸಾರ್ಡೀನಿನ ಹೊಟ್ಟೆ ಬಿಡಿಸಿ
ಹೆಬ್ಬೆರಳ ಉಗುರನ್ನು ಬಾಲದ ಬುಡಕ್ಕೆ ಕೊಟ್ಟು
ಒಂದೇ ಎಳೆತಕ್ಕೆ ಇಡೀ ಬೆನ್ನಿನ ಮುಳ್ಳು,
ಬಾಚಣಿಗೆಯ ಹಾಗೆ, ಮಾಂಸದ ಒಂದು ನೂಲೂ ಅಂಟದೆ.
'ಮಾಂಸ ಹರಿದರೆ ಮೇಲಿನವಳು ಕೂಲಿ ಹರಿಯುತ್ತಿದ್ದಳು.'

ಈಗ ಅವರದೇ ಬೆನ್ನು.
ಸೊಂಟದ ನಾಲ್ಕನೆಯ ಮಣಿ ಐದರ ಮೇಲೆ ಜಾರಿದೆ,
ನರದ ದಾರಿ ಇಕ್ಕಟ್ಟು.
ಮನೆಯಿಂದ ಮಾರುಕಟ್ಟೆಗೆ ಹೋಗುವಷ್ಟರಲ್ಲಿ ಆರು ಸಲ ಕೂರಬೇಕು,
ಬೆಂಚಿಲ್ಲದ ಕಡೆ ಅಂಗಡಿಯ ಮೆಟ್ಟಿಲು, ಖಾಲಿ ಪೆಟ್ಟಿಗೆ.
ಆಮೇಲೆ ಮಾರುಕಟ್ಟೆಯನ್ನೇ ಬಿಟ್ಟರು.

ಡಾಕ್ಟರ್ ಗೊದೀನ್ಯೊ ತೆರೆಯ ಮೇಲೆ
ಅವರ ನಡುವಿನ ಒಂದು ಅಡ್ಡಸೀಳು ತೋರಿಸಿದರು.
'ಇದು ಸ್ನಾಯು. ಇದು ಕೊಬ್ಬು. ಇದೂ. ಇದೂ.'
'ನಾನು ತೆಳ್ಳಗಾಗಿಲ್ಲವಲ್ಲ,
ಹೋದ ವರ್ಷದ ಲಂಗವೇ ಆಗುತ್ತದೆ.'
ಸ್ವಲ್ಪ ಹೊತ್ತು ತೆರೆಯನ್ನೇ ನೋಡಿದರು, ಸಾಲಿನ ಕೊನೆಯಲ್ಲಿ ನಿಂತು
ಡಬ್ಬಿ ಪರೀಕ್ಷಿಸುವವರ ಹಾಗೆ.
'ಅಂದರೆ ತೂಕ ಸರಿಯಿದೆ.
ಮೀನು ಕಡಿಮೆ, ಎಣ್ಣೆ ಜಾಸ್ತಿ.
ಇಂಥದ್ದನ್ನು ನಾವು ವಾಪಸು ಕಳಿಸುತ್ತಿದ್ದೆವು.'

ಮೂರು ತಿಂಗಳು ತಡೆಯೋಣ, ಎಂದರು ಡಾಕ್ಟರು.
ಸ್ನಾಯು ಸೊರಗಿದ ಬೆನ್ನಿಗೆ ಸ್ಕ್ರೂ ಬಿಗಿದರೆ
ಗಾಯ ಮಾಗಲು ತಡ, ನಂಜು, ನ್ಯುಮೋನಿಯಾ,
ಹಾಸಿಗೆ ಬಿಟ್ಟೇಳದ ವಾರಗಳು.
ಆಗಿಯೇ ತೀರುತ್ತದೆಂದಲ್ಲ,
ಆಗುವ ಸಂಭವ ಹೆಚ್ಚು.

ಆಗ ಬಂತು ಸಿಟ್ಟು.
'ನೋವಿಗೆ ನಡೆಯಲಿಲ್ಲ.
ನಡೆಯದ್ದಕ್ಕೆ ಕರಗಿತು.
ಕರಗಿದ್ದಕ್ಕೆ ಕೊಯ್ಯುವುದಿಲ್ಲ ಅನ್ನುತ್ತೀರಿ.
ಕೊಯ್ಯದೆ ನೋವು ಹೋಗದು.
ಇದನ್ನು ಒಂದು ಸಲ ಗಟ್ಟಿಯಾಗಿ ಓದಿ ನೋಡಿದ್ದೀರಾ?'
ಡಾಕ್ಟರು ನನ್ನತ್ತ ನೋಡಿದರು.
ನಾನು ನೆಲ ನೋಡಿದೆ. ನೆಲ ಚೊಕ್ಕಟವಾಗಿತ್ತು.

ಮಂಗಳವಾರ, ಶುಕ್ರವಾರ.
ಕೈಯೂರದೆ ಕುರ್ಚಿಯಿಂದ ಏಳುವುದು.
ಮೊದಲ ದಿನ ಎರಡು ಸಲ, ಮೂರನೆಯದಕ್ಕೆ
ಮೇಜಿನ ಅಂಚು ಹಿಡಿದು ನನ್ನ ಕಡೆ ಕಳ್ಳನೋಟ.
ಬೆಳಿಗ್ಗೆ ಎರಡು ಮೊಟ್ಟೆ, ರಾತ್ರಿ ಕಡಲೆ ಬೇಯಿಸಿ.
ಸಾರ್ಡೀನ್ ತಿನ್ನಿ, ಅಂದುಬಿಟ್ಟೆ ಒಮ್ಮೆ.
ಮೂವತ್ತೆಂಟು ವರ್ಷ ಕೂದಲಿನಿಂದ ಆ ವಾಸನೆ ತೊಳೆದವರು
ನನ್ನನ್ನು ನೋಡಿದ ನೋಟ
ನನ್ನ ಕಡತದಲ್ಲಿಲ್ಲ.

ಒಂದು ಮಧ್ಯಾಹ್ನ ಅವರೇ ಕಂಡುಕೊಂಡರು:
ಹಳೆಯ ಮೇಜಿನ ಎತ್ತರಕ್ಕೆ ಬಾಗಿದರೆ ಕಾಲು ಉರಿಯುವುದಿಲ್ಲ.
ಅಂಗಡಿಯ ತಳ್ಳುಗಾಡಿಯ ಮೇಲೆ ಮೊಣಕೈಯೂರಿ
ಟ್ರಾಮ್ ಹಳಿಯ ಗುಂಟ, ಕಡಲಿನ ಮಂಜಿನೊಳಗೆ,
ಗಾಡಿಯಲ್ಲಿ ಒಂದೇ ಒಂದು ಎಲೆಕೋಸು ಹೇರಿಕೊಂಡು
ಹೋಗಿ ಬಂದರಂತೆ. ಮೂರೇ ಸಲ ಕೂತದ್ದು.
'ಕೋಸು ಸುಮ್ಮನೆ, ಹುಚ್ಚಿ ಅನ್ನದಿರಲಿ ಎಂದು.'

ಹನ್ನೆರಡನೆಯ ವಾರ ಮುಳ್ಳು ಹದಿನಾಲ್ಕು ದಾಟಿತು.
ಪುಸ್ತಕ ಹದಿನಾರು ಕೇಳುತ್ತದೆ.
ಡಾಕ್ಟರು ಬಹಳ ಹೊತ್ತು ಪೆನ್ನು ತಿರುವಿ
ತಾರೀಖು ಬರೆದರು.

ಹಿಂದಿನ ಸಂಜೆ ವಾರ್ಡಿಗೆ ಹೋದೆ.
ಹಸಿರು ನಿಲುವಂಗಿಯಲ್ಲಿ ಅವರು ಬೇರೆ ಯಾರೋ.
ಆ ಯಂತ್ರ ಬೇಡ, ಕೈ ಕೊಡು, ಎಂದರು.
ಕೊಟ್ಟೆ. ಹಿಡಿದರು. ಬಿಡಲಿಲ್ಲ.
ಎಷ್ಟಾಯಿತು ಎಂದು ಇಬ್ಬರೂ ಕೇಳಲಿಲ್ಲ.
ಅವರ ಹೆಬ್ಬೆರಳ ಉಗುರು ಮಾತ್ರ, ತನ್ನಷ್ಟಕ್ಕೆ,
ನನ್ನ ಮಣಿಕಟ್ಟಿನ ಎಲುಬುಗಳ ನಡುವೆ
ಎಲ್ಲಿಂದ ಎಳೆಯಬೇಕೆಂದು
ಮೆಲ್ಲಗೆ ಹುಡುಕುತ್ತಿತ್ತು.